ಬೆಲ್ಜಿಯಂ ಗ್ಲಾಸಲ್ಲಿ ಅಂಥದ್ದೇನಿತ್ತು?

ನಮ್ಮ ಕಡೆ ಕನ್ನಡಿ ಚೆನ್ನಾಗಿದೆ ಅನ್ನೋದಕ್ಕೆ ಇದ್ದದ್ದು ಒಂದೇ ಸರ್ಟಿಫಿಕೇಟು: ‘ಬೆಲ್ಜಿಯಂ ಗ್ಲಾಸು’. ಮಂಡ್ಯದಲ್ಲಿ ಬೀರು ಕೊಳ್ಳೋಕೆ ಹೋದರೆ ಅಂಗಡಿಯವರು ಬಾಗಿಲಿನ ಕನ್ನಡಿಯನ್ನು ಬೆರಳಲ್ಲಿ ತಟ್ಟಿ ಇದನ್ನೇ ಹೇಳುತ್ತಿದ್ದರು. ದುದ್ದದ ಕಟಿಂಗ್ ಶಾಪಿನಲ್ಲಿ ಎರಡು ಕನ್ನಡಿ ಇದ್ದವು. ಎದುರಿನದರಲ್ಲಿ ಮುಖ ಮುಖದ ಹಾಗೇ ಕಾಣುತ್ತಿತ್ತು. ಬೆನ್ನ ಹಿಂದಿನದರಲ್ಲಿ ತಲೆ ಸ್ವಲ್ಪ ಅಲ್ಲಾಡಿಸಿದರೆ ಸಾಕು, ಒಂದು ಕಿವಿ ಉದ್ದವಾಗಿ, ಕೆನ್ನೆ ಹಲಸಿನಕಾಯಿಯಾಗಿ, ಮತ್ತೆ ಸರಿಹೋಗುತ್ತಿತ್ತು. “ಮುಂದಿಂದು ಬೆಲ್ಜಿಯಂ ಕಣ್ಲಾ, ಹಿಂದಿಂದು ಲೋಕಲ್ಲು” ಅನ್ನೋದು ಅಂಗಡಿಯ ಅಣ್ಣನ ವಿವರಣೆ. ಬೆಲ್ಜಿಯಂ ಅನ್ನೋ ದೇಶ ಎಲ್ಲಿದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಮದ್ದೂರು ವಡೆ, ಬನ್ನೂರು ಕುರಿ ಇದ್ದ ಹಾಗೆ ಬೆಲ್ಜಿಯಂ ಗ್ಲಾಸು. ಊರಿನ ಹೆಸರೇ ಗುಣದ ಹೆಸರು.

ಈಗ ಔಟರ್ ರಿಂಗ್ ರೋಡಿನ ಯಾವ ಆಫೀಸಿಗೆ ಹೋದರೂ ನೆಲದಿಂದ ಸೂರಿನವರೆಗೆ ಗಾಜು. ಆ ಗಾಜಿನಾಚೆ ಟ್ರಾಫಿಕ್ಕು ನಿಂತಿರುವುದು ಒಂದು ಚೂರೂ ಡೊಂಕಿಲ್ಲದೆ ಕಾಣುತ್ತದೆ. ಯಾರಾದರೂ ಅದನ್ನು ಬೆಲ್ಜಿಯಂ ಅಂತಾರಾ? ಇಲ್ಲ. ಗಾಜು ಚಪ್ಪಟೆ ಇರೋದು ಈಗ ಮಾತಾಡುವ ವಿಷಯವೇ ಅಲ್ಲ. ಆದರೆ ಸುಮಾರು 270 ವರ್ಷ ಅದೇ ದೊಡ್ಡ ವಿಷಯವಾಗಿತ್ತು. ಡೊಂಕಿಲ್ಲದ ದೊಡ್ಡ ಗಾಜು ಬೇಕು ಅಂದರೆ ಅದನ್ನು ಉಜ್ಜಲೇಬೇಕಿತ್ತು. ಮರಳು, ನೀರು, ಕಬ್ಬಿಣ ಹಾಕಿ, ಗಂಧ ತೇಯ್ದ ಹಾಗೆ, ದಿನಗಟ್ಟಲೆ. ಆ ಉಜ್ಜುವ ಯಂತ್ರಗಳ ಕತೆ ಇದು. ಅವು ಹುಟ್ಟಿದ್ದು, ಕೋಣೆ ಗಾತ್ರದಿಂದ ಬೀದಿ ಗಾತ್ರಕ್ಕೆ ಬೆಳೆದದ್ದು, ಇನ್ನು ಇದಕ್ಕಿಂತ ಚೆನ್ನಾಗಿ ಮಾಡೋಕಾಗಲ್ಲ ಅನ್ನುವ ಹಂತಕ್ಕೆ ಬಂದು ನಿಂತದ್ದು, ಮರುಗಳಿಗೆಯಲ್ಲೇ ಅನ್ನುವಷ್ಟು ಬೇಗ ಗುಜರಿಗೆ ಹೋದದ್ದು.

ಮೊದಲು ಚಪ್ಪಟೆ ಅನ್ನೋದು ಎಷ್ಟು ಕಷ್ಟ ಅಂತ ಒಪ್ಪಿಕೊಳ್ಳೋಣ. ಬಿಇ ಮಾಡಿದವರಿಗೆಲ್ಲ ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬು ನೆನಪಿರಬೇಕು. ಒಂದು ಎಂಎಸ್ ಪ್ಲೇಟನ್ನು ವೈಸಿಗೆ ಕಚ್ಚಿಸಿ, ಅರ ಹಿಡಿದು ಉಜ್ಜಿ ಉಜ್ಜಿ, ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಉಬ್ಬು, ಎರಡೂ ತುದಿಯಲ್ಲಿ ಬೆಳಕು. ಕಂಪ್ಯೂಟರ್ ಸೈನ್ಸ್‌ನವರಿಗೆ ಇದು ಯಾಕೆ ಬೇಕು ಅಂತ ಎಲ್ಲರೂ ಬೈದುಕೊಂಡದ್ದೇ. ಉಜ್ಜುವ ಕೈ ತೂಗುತ್ತದೆ, ತೂಗಿದ್ದು ದುಂಡಾಗುತ್ತದೆ. ಅದು ಕೈಯ ದೋಷ ಅಲ್ಲ, ಉಜ್ಜುವುದರ ಸ್ವಭಾವ. ಮನೆಯ ಸಾಣೆಕಲ್ಲು ನೋಡಿ. ನಾಲ್ಕು ತಲೆಮಾರು ಗಂಧ ತೇಯ್ದ ಕಲ್ಲಿನ ನಡುವೆ ಬೊಗಸೆಯಂತೆ ಗುಳಿ ಬಿದ್ದಿರುತ್ತದೆ. ಒಂದೇ ಅಳತೆಯ ಎರಡು ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಪುಡಿ ಹಾಕಿ, ಎಲ್ಲ ದಿಕ್ಕಿಗೂ ಉಜ್ಜುತ್ತಾ ಹೋದರೆ ಮೇಲಿನದು ನಡುವೆ ಗುಳಿಯಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಆದರೆ ಚಪ್ಪಟೆಯಾಗಿ ಅಲ್ಲ, ಗೋಳದ ತುಂಡುಗಳಾಗಿ. ಮಸೂರ ಮಾಡುವವರಿಗೆ ಇದು ವರ. ಕಿಟಕಿ ಗಾಜು ಮಾಡುವವರಿಗೆ ಶಾಪ.

ಇದರಿಂದ ಪಾರಾಗಲು ಒಂದು ಚಂದದ ಉಪಾಯ ಇದೆ. ಎರಡರ ಬದಲು ಮೂರು ಫಲಕ ತೆಗೆದುಕೊಳ್ಳಿ. ಒಂದನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಮತ್ತೆ ಒಂದನೆಯದಕ್ಕೆ ಹೊಂದಿಸುತ್ತಾ ಹೋಗಿ. ಮೂರೂ ಒಂದಕ್ಕೊಂದು ಕೂರಬೇಕು ಅಂದರೆ ಯಾವುದೂ ಉಬ್ಬಿರುವ ಹಾಗಿಲ್ಲ, ಯಾವುದೂ ಗುಳಿಬಿದ್ದಿರುವ ಹಾಗಿಲ್ಲ. ಮೂರೂ ಚಪ್ಪಟೆಯಾಗುವುದೊಂದೇ ದಾರಿ. 1840ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಲೋಹದ ಫಲಕಗಳಿಗೆ ಈ ಕ್ರಮವನ್ನೇ ಮಂಡಿಸಿದ. ಉಜ್ಜುವ ಬದಲು ಕೆರೆದು ಸರಿಮಾಡಿ ಅಂತ ಒಂದು ತಿದ್ದುಪಡಿ ಸೇರಿಸಿದ ಅಷ್ಟೇ. ಲೆಕ್ಕವಾಗಿ ನೋಡಿದರೆ ಸುಂದರ. ಆದರೆ ಆಳೆತ್ತರದ ಗಾಜನ್ನು ಸಾವಿರಗಟ್ಟಲೆ ಮಾಡಬೇಕಾದ ಕಾರ್ಖಾನೆಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಅಷ್ಟು ದೊಡ್ಡ ಗಾಜು ಯಾರಿಗೆ ಬೇಕಿತ್ತು ಅಂದರೆ, ಮೊದಲಿಗೆ ಒಬ್ಬ ರಾಜನಿಗೆ. ಫ್ರಾನ್ಸಿನ 14ನೇ ಲೂಯಿ. ಕನ್ನಡಿ ಆಗ ವೆನಿಸ್‌ನವರ ಏಕಸ್ವಾಮ್ಯ. ಆ ದುಡ್ಡು ಹೊರಗೆ ಹೋಗಬಾರದು ಅಂತ 1665ರಲ್ಲಿ ರಾಜನ ಮಂತ್ರಿ ಕೋಲ್ಬೆರ್ ಪ್ಯಾರಿಸ್‌ನಲ್ಲೇ ಒಂದು ಕಂಪನಿ ಕಟ್ಟಿಸಿದ. ಆಗಿನ ಕಾಲದ ಮೇಕ್ ಇನ್ ಫ್ರಾನ್ಸ್. 1684ರಲ್ಲಿ ಮುಗಿದ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ 357 ಕನ್ನಡಿಗಳಿವೆ. ಯಾಕೆ ಅಷ್ಟೊಂದು? ಶೋಕಿ ಒಂದು ಕಾರಣ. ಇನ್ನೊಂದು, ಅದಕ್ಕಿಂತ ದೊಡ್ಡ ಗಾಜು ಮಾಡಲು ಬರುತ್ತಿರಲಿಲ್ಲ. ಗಾಜನ್ನು ಊದುಗೊಳವೆಯಲ್ಲಿ ಊದಿ, ಕೊಳವೆಯಾಕಾರ ಮಾಡಿ, ಸೀಳಿ ಬಿಚ್ಚಿ ಹರಡುತ್ತಿದ್ದರು. ಮನುಷ್ಯನ ಉಸಿರು ಎಷ್ಟೋ ಗಾಜೂ ಅಷ್ಟೇ. ಅದಕ್ಕೇ ಒಂದೊಂದು ಕಮಾನಿಗೆ 21 ಚೂರು ಜೋಡಿಸಿದ್ದಾರೆ.

1680ರ ದಶಕದ ಕೊನೆಗೆ ಅಲ್ಲಿಯವರು ಊದುವುದನ್ನು ಬಿಟ್ಟು ಹುಯ್ಯಲು ಶುರು ಮಾಡಿದರು. ಲೋಹದ ಮೇಜಿನ ಮೇಲೆ ಕರಗಿದ ಗಾಜನ್ನು ಸುರಿದು, ಮೇಲೆ ಭಾರದ ರೋಲರು ಉರುಳಿಸುವುದು. ಚಪಾತಿ ಲಟ್ಟಿಸಿದ ಹಾಗೇ ಅಂದುಕೊಳ್ಳಿ. ಸ್ವಲ್ಪ ವರ್ಷದಲ್ಲಿ ಕಾರ್ಖಾನೆ ಸೇಂಟ್ ಗೋಬೇನ್ ಅನ್ನುವ ಹಳ್ಳಿಗೆ ಹೋಯಿತು. ಆ ಹಳ್ಳಿಯ ಹೆಸರೇ ಕಂಪನಿಯ ಹೆಸರಾಯಿತು. ಈಗ ಬೇಕಾದಷ್ಟು ದೊಡ್ಡ ಹಾಳೆ ಬರುತ್ತಿತ್ತು, ಆದರೆ ಒಂದು ತೊಂದರೆ. ಕೆಳಗಡೆ ಮೇಜಿನ ಒರಟು, ಮೇಲ್ಗಡೆ ರೋಲರಿನ ಒರಟು. ಬೆಳಕು ಹಾಯುತ್ತಿತ್ತು, ನೋಟ ಹಾಯುತ್ತಿರಲಿಲ್ಲ. ಇವತ್ತು ಬಚ್ಚಲುಮನೆಗೆ ಹಾಕಿಸುವ ಗಾಜಿನ ಹಾಗೆ. ಅದನ್ನು ಪಾರದರ್ಶಕ ಮಾಡಬೇಕಾದರೆ ಎರಡೂ ಬದಿ ತೇಯಬೇಕು.

ಹೇಗೆ ತೇಯುತ್ತಿದ್ದರು? ಕಲ್ಲಿನ ಮೇಜಿನ ಮೇಲೆ ಒಂದು ಗಾಜನ್ನು ಪ್ಲಾಸ್ಟರ್ ಹಾಕಿ ಕೂರಿಸೋದು. ಇನ್ನೊಂದು ಚಿಕ್ಕ ಗಾಜನ್ನು ಮರದ ಚೌಕಟ್ಟಿಗೆ ಅಂಟಿಸಿ ಅದರ ಮೇಲೆ ಬೋರಲು ಹಾಕೋದು. ನಡುವೆ ಮರಳು, ನೀರು. ಮೇಲಿನದನ್ನು ಆಳುಗಳು ಹಿಂದಕ್ಕೆ ಮುಂದಕ್ಕೆ, ಸುತ್ತಲೂ ಎಳೆದಾಡುತ್ತಾ ಇರೋದು. ಮೊದಲು ಒರಟು ಮರಳು, ಆಮೇಲೆ ನಯದ್ದು, ಆಮೇಲೆ ಕುರುಂದದ ಪುಡಿ. ಪ್ರತಿ ಹಂತದ ಕೆಲಸವೂ ಹಿಂದಿನ ಹಂತದ ಗೀರುಗಳನ್ನು ಅಳಿಸಿ, ಅದಕ್ಕಿಂತ ಸಣ್ಣ ಗೀರುಗಳನ್ನು ಬಿಡೋದು. ಪುಡಿ ಬೇರ್ಪಡಿಸುತ್ತಿದ್ದದ್ದು ನಮ್ಮ ಅಜ್ಜಿಯರು ರಾಗಿಯಲ್ಲಿ ಕಲ್ಲು ಜಾಲಿಸುತ್ತಿದ್ದ ಕ್ರಮದಲ್ಲೇ: ನೀರಿನಲ್ಲಿ ಕದಡಿದರೆ ದಪ್ಪದ್ದು ಬೇಗ ತಳ ಸೇರುತ್ತದೆ, ನಯದ್ದು ನಿಧಾನಕ್ಕೆ. ಒಂದೇ ಒಂದು ಒರಟು ಕಣ ನಯದ ಪುಡಿಯಲ್ಲಿ ಸೇರಿಕೊಂಡರೆ ವಾರದ ಕೆಲಸ ಹಾಳು.

ಇಷ್ಟಾದರೂ ಗಾಜು ಹಾಲಿನಂತೆ ಬೆಳ್ಳಗೆ, ಮಂಕು. ಹೊಳಪು ಬರಬೇಕಾದರೆ ಬೇರೆಯದೇ ಕೆಲಸ. ಮರಳು ಗಾಜನ್ನು ಚೂರು ಚೂರಾಗಿ ಒಡೆಯುತ್ತದೆ. ಹೊಳಪಿನ ಪುಡಿ ಹಾಗೆ ಒಡೆಯುವುದಿಲ್ಲ, ನೀರಿನ ಜತೆ ಸೇರಿ ಗಾಜಿನ ಮೈಯನ್ನೇ ಒಂದಿಷ್ಟಿಷ್ಟೇ ಸವರಿ ತೆಗೆಯುತ್ತದೆ. ಅದರಲ್ಲಿ ಅರ್ಧ ಯಂತ್ರಶಾಸ್ತ್ರ, ಅರ್ಧ ರಸಾಯನಶಾಸ್ತ್ರ. ಮರದ ದಿಮ್ಮಿಗೆ ಉಣ್ಣೆಯ ಬಟ್ಟೆ ಸುತ್ತಿ, ಕೆಂಪು ಪುಡಿ ಸವರಿ ಉಜ್ಜುತ್ತಿದ್ದರು. ಒತ್ತಡ ಒಂದೇ ಸಮ ಇರಲಿ ಅಂತ ದಿಮ್ಮಿಯ ಮೇಲೆ ಬಾಗಿಸಿದ ಮರದ ಬಿಲ್ಲೊಂದನ್ನು ಮೇಲಿನ ತೊಲೆಗೆ ಒತ್ತುಕೊಟ್ಟು ನಿಲ್ಲಿಸುತ್ತಿದ್ದರು. ಆ ಕೆಂಪು ಪುಡಿ ಏನು ಗೊತ್ತಾ? ಕಬ್ಬಿಣದ ಆಕ್ಸೈಡು. ನಮ್ಮೂರ ಮನೆಗಳ ಕೆಂಪು ನೆಲಕ್ಕೆ ಸಿಮೆಂಟಿನ ಜತೆ ಕಲಸುತ್ತಿದ್ದರಲ್ಲ, ಆ ರೆಡ್ ಆಕ್ಸೈಡೇ. ಅರಮನೆಯ ಕನ್ನಡಿಗೆ ಹೊಳಪು ಕೊಟ್ಟದ್ದೂ ಹಟ್ಟಿಯ ಜಗಲಿಗೆ ಬಣ್ಣ ಕೊಟ್ಟದ್ದೂ ಒಂದೇ ಪದಾರ್ಥ.

ಯಂತ್ರ ಬಂದದ್ದು ಈ ಕೈಗಳ ಜಾಗಕ್ಕೆ. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣದ ರೇವನ್‌ಹೆಡ್‌ನಲ್ಲಿ 1773ರಲ್ಲಿ ಹುಯ್ಯುವ ಗಾಜಿನ ಕಂಪನಿ ಶುರುವಾಯಿತು. 1789ರಲ್ಲಿ ಅಲ್ಲಿ ಉಜ್ಜುವ ಕೆಲಸಕ್ಕೆ ಬೋಲ್ಟನ್ ಮತ್ತು ವ್ಯಾಟ್ ಕಂಪನಿಯ ಉಗಿ ಎಂಜಿನ್ ಕೂರಿಸಿದರು. (ಅದೇ ವರ್ಷ ಫ್ರಾನ್ಸಿನಲ್ಲಿ ಕ್ರಾಂತಿ, ಇತ್ತ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ.) ಎಂಜಿನ್ ಮಾಡಿದ್ದು ಹೊಸ ಕೆಲಸವೇನಲ್ಲ. ಆಳುಗಳ ತೋಳಿನ ಚಲನೆಯನ್ನೇ ನಕಲು ಮಾಡಿತು, ಅಷ್ಟೇ. ಹಿಂದಕ್ಕೆ, ಮುಂದಕ್ಕೆ. ಮ್ಯಾನ್ಯುವಲ್ ಪ್ರೋಸೆಸನ್ನು ಮೊದಲ ಸಲ ಆಟೊಮೇಟ್ ಮಾಡುವಾಗ ಎಲ್ಲರೂ ಮಾಡೋದು ಹೀಗೇ.

ಆಮೇಲಿನ ನೂರು ವರ್ಷ ಅದರ ಸುಧಾರಣೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್ ಕಂಪನಿಯ ಜೇಮ್ಸ್ ಟಿಮಿನ್ಸ್ ಚಾನ್ಸ್ 1830ರ ದಶಕದ ಕೊನೆಗೆ ಕಂಡುಹಿಡಿದದ್ದು. ಅವನ ಹತ್ತಿರ ಇದ್ದದ್ದು ಊದಿ ಮಾಡಿದ ತೆಳು ಗಾಜು. ಅದನ್ನು ಪ್ಲಾಸ್ಟರ್‌ನಲ್ಲಿ ಕೂರಿಸಿ ಒತ್ತಿ ಉಜ್ಜಿದರೆ ಒಡೆಯುತ್ತದೆ. ಅವನು ಚಪ್ಪಟೆ ಕಲ್ಲಿನ ಮೇಲೆ ಒದ್ದೆ ತೊಗಲು ಹಾಸಿ ಅದರ ಮೇಲೆ ಗಾಜನ್ನು ಒತ್ತಿದ. ಒದ್ದೆ ತೊಗಲಿಗೆ ಗಾಜು ಹೀರಿಕೊಂಡಂತೆ ಕಚ್ಚಿಕೊಂಡಿತು. ಅಂಟಿಲ್ಲ, ಪ್ಲಾಸ್ಟರಿಲ್ಲ. ಹೀಗೆ ಕಚ್ಚಿಸಿದ ಎರಡು ಗಾಜುಗಳನ್ನು ಮುಖಾಮುಖಿ ಇಟ್ಟು ನಡುವೆ ಮರಳು ನೀರು ಬಿಟ್ಟ. ಎರಡೂ ಒಂದನ್ನೊಂದು ನಯ ಮಾಡಿಕೊಂಡವು.

ಇದೇ ಚಾನ್ಸ್ ಕಂಪನಿ 1851ರ ಲಂಡನ್ ಪ್ರದರ್ಶನದ ಕ್ರಿಸ್ಟಲ್ ಪ್ಯಾಲೇಸಿಗೆ ಸುಮಾರು 3 ಲಕ್ಷ ಗಾಜು ಕೊಟ್ಟದ್ದು. ಆ ಕಟ್ಟಡದ ಮಾದರಿಯಲ್ಲೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ. 1889ರ ನವೆಂಬರ್ 30ರಂದು ಪ್ರಿನ್ಸ್ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಫ್ಲವರ್ ಶೋಗೆ ನೂಕಾಡಿಕೊಂಡು ಹೋಗುವ ನಮಗೆ ಗಾಜು ಅಂದರೆ ಅದೇ ದೊಡ್ಡ ಸ್ಮಾರಕ. ಆದರೆ ಲಂಡನ್ನಿನ ಆ 3 ಲಕ್ಷ ಗಾಜೂ ಉಜ್ಜಿದ ಗಾಜಲ್ಲ. ಊದಿದ, ಅಗ್ಗದ, ಸ್ವಲ್ಪ ಅಲೆಯಿರುವ ಗಾಜು. ಸೂರಿಗೆ ಅಷ್ಟು ಸಾಕು. ಬೆಳಕು ಬಂದರಾಯಿತು, ಆಕಾಶ ಡೊಂಕಾಗಿ ಕಂಡರೆ ಯಾರು ಕೇಳ್ತಾರೆ? ಉಜ್ಜಿದ ಗಾಜು ಬೇಕಾಗಿದ್ದದ್ದು ಕನ್ನಡಿಗೆ, ಅಂಗಡಿಯ ಶೋಕೇಸಿಗೆ, ದೊಡ್ಡವರ ಮನೆಯ ಕಿಟಕಿಗೆ. ಇಂಗ್ಲೆಂಡಿನಲ್ಲಿ 1845ರವರೆಗೆ ಗಾಜಿಗೆ ತೂಕದ ಮೇಲೆ ಸುಂಕ ಬೇರೆ ಇತ್ತು. ಹುಯ್ದ ಗಾಜಿನಲ್ಲಿ ಮೂರನೇ ಒಂದಂಶಕ್ಕಿಂತ ಹೆಚ್ಚು ಉಜ್ಜುವಾಗಲೇ ಕೆಸರಾಗಿ ಚರಂಡಿಗೆ ಹೋಗುತ್ತಿತ್ತು. ಸಾಹುಕಾರನೊಬ್ಬ ತನ್ನ ಕಿಟಕಿಗೆ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು, ಅವನ ಕಿಟಕಿಯಲ್ಲಿ ಇಲ್ಲದ ಗಾಜಿಗೆ.

ಬೆಲ್ಜಿಯಂ ಈ ಕತೆಯಲ್ಲಿ ಬರೋದು ಇಲ್ಲಿ. ಸಾಂಬ್ರ್ ನದಿಯ ಕಣಿವೆಯಲ್ಲಿ, ಶಾರ್ಲೆರುವಾ ಸುತ್ತಮುತ್ತ ಕಲ್ಲಿದ್ದಲಿತ್ತು, ನೀರಿತ್ತು, ಸರಕು ಸಾಗಿಸಲು ನದಿಯಿತ್ತು. 19ನೇ ಶತಮಾನದಲ್ಲಿ ಅಲ್ಲಿ ಗಾಜಿನ ಕಾರ್ಖಾನೆಗಳು ಸಾಲಾಗಿ ಎದ್ದವು. ದೇಶ ಚಿಕ್ಕದು, ಮಾಡಿದ್ದೆಲ್ಲ ಹೊರಗೇ ಮಾರಬೇಕು. ಹಾಗಾಗಿ ಬೆಲ್ಜಿಯಂ ಗಾಜು ಹಡಗೇರಿ ಲೋಕವೆಲ್ಲ ಸುತ್ತಿತು. ಅರಮನೆ, ಬಂಗಲೆ, ಕ್ಲಬ್ಬು, ಜವಳಿ ಅಂಗಡಿಗಳ ಮೂಲಕ ಆ ಹೆಸರು ನಮ್ಮಲ್ಲೂ ಇಳಿದು, ಕೊನೆಗೆ ದುದ್ದದಂಥ ಹೋಬಳಿ ಊರಿನ ಕಟಿಂಗ್ ಶಾಪಿಗೂ ಬಂತು. ಬೆಲ್ಜಿಯಂ ಗ್ಲಾಸಲ್ಲಿ ಅಂಥದ್ದೇನಿತ್ತು ಅಂದರೆ ಇಷ್ಟೇ: ಅದು ಎರಡೂ ಬದಿ ಉಜ್ಜಿದ ಗಾಜು.

ತಮಾಷೆ ಏನಪ್ಪಾ ಅಂದ್ರೆ, ‘ಲೋಕಲ್’ ಕನ್ನಡಿಯ ಮೂಲವೂ ಬೆಲ್ಜಿಯಂ! ಶಾರ್ಲೆರುವಾ ಪಕ್ಕದ ದಾಂಪ್ರೆಮಿಯ ಎಮಿಲ್ ಫೂರ್ಕೋ ಅನ್ನುವವನು 20ನೇ ಶತಮಾನದ ಆರಂಭದಲ್ಲಿ ಗಾಜನ್ನು ಹುಯ್ಯದೆ, ಊದದೆ, ಕುಲುಮೆಯಿಂದ ನೇರ ಮೇಲಕ್ಕೆ ಎಳೆಯುವ ಯಂತ್ರ ಮಾಡಿದ. ಜೇಡಿಮಣ್ಣಿನ ಸೀಳೊಂದರ ಮೂಲಕ ಗಾಜಿನ ಹಾಳೆ ಮೇಲೆದ್ದು ಬರುತ್ತದೆ, ಎರಡು ಕಡೆಯ ರೋಲರುಗಳು ಹಿಡಿದು ಎತ್ತುತ್ತವೆ. ಉಜ್ಜುವ ತಾಪತ್ರಯವಿಲ್ಲ, ಬಹಳ ಅಗ್ಗ. ಆದರೆ ಎಳೆದ ದಿಕ್ಕಿನಲ್ಲಿ ಅಲೆ ಉಳಿಯುತ್ತದೆ. ನಮ್ಮ ದೇಶದ ಶೀಟ್ ಗ್ಲಾಸ್ ಕಾರ್ಖಾನೆಗಳು ಮಾಡುತ್ತಿದ್ದದ್ದೂ ಹೀಗೆ ಇಲ್ಲವೇ ಇದರ ದಾಯಾದಿ ವಿಧಾನದಲ್ಲಿ ಎಳೆದ ಗಾಜನ್ನೇ. ಕೆನ್ನೆಯನ್ನು ಹಲಸಿನಕಾಯಿ ಮಾಡುತ್ತಿದ್ದದ್ದು ಆ ಅಲೆ. ಹಾಗಾಗಿ ಹಲವು ದಶಕ ಲೋಕದಲ್ಲಿ ಎರಡು ಜಾತಿಯ ಗಾಜು ಇದ್ದವು: ಉಳ್ಳವರಿಗೆ ಉಜ್ಜಿದ್ದು, ಮಿಕ್ಕವರಿಗೆ ಎಳೆದದ್ದು. ಕಿಟಕಿಯ ಮುಂದೆ ನಿಂತು ತಲೆ ಅಲ್ಲಾಡಿಸಿದರೆ ಮನೆಯವರ ಅಂತಸ್ತು ಗೊತ್ತಾಗುತ್ತಿತ್ತು.

ಉಜ್ಜುವ ಯಂತ್ರ ಅಷ್ಟರಲ್ಲಿ ರಾಕ್ಷಸ ಗಾತ್ರಕ್ಕೆ ಬೆಳೆದಿತ್ತು. ಒಂದು ಮನೆಯಷ್ಟು ಅಗಲದ ದುಂಡು ಕಬ್ಬಿಣದ ಮೇಜು, ಅದರ ಮೇಲೆ ಪ್ಲಾಸ್ಟರ್‌ನಲ್ಲಿ ಕೂರಿಸಿದ ಗಾಜುಗಳ ಹಾಸು, ಮೇಲಿಂದ ಇಳಿದ ಕಬ್ಬಿಣದ ಚಕ್ರಗಳು. ಮೇಜೂ ತಿರುಗುತ್ತದೆ, ಚಕ್ರವೂ ತಿರುಗುತ್ತದೆ. ಹೊಸ ಮನೆಗೆ ಮೊಸಾಯಿಕ್ ಪಾಲಿಶ್ ಮಾಡಿಸಿದವರಿಗೆ ಆ ಸದ್ದು, ಆ ಬೂದು ಕೆಸರು ಗೊತ್ತಿರುತ್ತದೆ. ಅದನ್ನು ನೂರರಷ್ಟು ಮಾಡಿಕೊಳ್ಳಿ. ಒಂದು ಬದಿ ಮುಗಿದ ಮೇಲೆ ಪ್ಲಾಸ್ಟರ್ ಒಡೆದು, ಗಾಜು ತಿರುಗಿಸಿ, ಮತ್ತೆ ಕೂರಿಸಿ, ಇನ್ನೊಂದು ಬದಿ. ತಿರುಗಿಸುವಾಗ ಒಡೆದದ್ದು ಲೆಕ್ಕಕ್ಕಿಲ್ಲ. ಎರಡು ಬದಿಯೂ ಬೇರೆಬೇರೆಯಾಗಿ ಚಪ್ಪಟೆಯಾದರೂ ಒಂದಕ್ಕೊಂದು ಸಮಾನಾಂತರ ಆಗಿಲ್ಲದಿದ್ದರೆ ನೋಟ ಮತ್ತೆ ವಾರೆ.

ಇದನ್ನು ಅಲುಗಾಡಿಸಿದ್ದು ಕಾರು. ಮಳೆಗಾಳಿಗೆ ತೆರೆದ ಕಾರು ಹೋಗಿ ಮುಚ್ಚಿದ ಕಾರು ಬಂದಾಗ ಹೆನ್ರಿ ಫೋರ್ಡ್‌ಗೆ ಗಾಜು ಸಾಲದಾಯಿತು, ಅದೂ ಎದುರಿನ ರಸ್ತೆ ಡೊಂಕಾಗಿ ಕಾಣದಂಥ ಗಾಜು. ಅವನ ಎಂಜಿನಿಯರುಗಳು ಕರಗಿದ ಗಾಜನ್ನು ರೋಲರುಗಳ ನಡುವೆ ನಿಲ್ಲದೆ ಹರಿಯುವ ಪಟ್ಟಿಯಾಗಿ ಮಾಡಲು ಹೊರಟರು; ಸೇಂಟ್ ಹೆಲೆನ್ಸ್‌ನ ಪಿಲ್ಕಿಂಗ್ಟನ್ ಕಂಪನಿ ಅವರ ಜತೆ ಸೇರಿತು. 1920ರ ದಶಕದಲ್ಲಿ ಪಿಲ್ಕಿಂಗ್ಟನ್‌ನವರು ದುಂಡು ಮೇಜನ್ನು ಬಿಚ್ಚಿ ಉದ್ದ ಮಾಡಿದರು. ರೈಲು ಬೋಗಿಗಳಂತೆ ಒಂದರ ಹಿಂದೊಂದು ಮೇಜು, ಮೇಲೆ ಸಾಲಾಗಿ ಉಜ್ಜುವ ತಲೆಗಳು: ಮೊದಲಿನವು ಒರಟು ಮರಳಿನವು, ಮುಂದಿನವು ನಯದವು, ಕೊನೆಯವು ಕೆಂಪು ಪುಡಿಯವು. ಗಾಜು ನಿಲ್ಲದೆ ಸಾಗುತ್ತಾ ಉಜ್ಜಿಸಿಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬ್ಯಾಚ್ ಜಾಬು ಪೈಪ್‌ಲೈನ್ ಆಯಿತು.

ಆಮೇಲೆ 1935. ಡಾನ್‌ಕಾಸ್ಟರ್‌ನ ಕಾರ್ಖಾನೆಯಲ್ಲಿ ಪಿಲ್ಕಿಂಗ್ಟನ್‌ನವರು ‘ಟ್ವಿನ್ ಗ್ರೈಂಡರ್’ ಚಾಲೂ ಮಾಡಿದರು. ಕುಲುಮೆಯಿಂದ ಬಂದ ಗಾಜಿನ ಪಟ್ಟಿಯನ್ನು ಕತ್ತರಿಸದೆ ಹಾಗೇ ಎರಡು ಭಾರಿ ಕಬ್ಬಿಣದ ಚಕ್ರಗಳ ನಡುವೆ ತೂರಿಸುವುದು, ಒಂದು ಮೇಲೆ, ಒಂದು ಕೆಳಗೆ. ಎರಡೂ ಬದಿ ಒಟ್ಟಿಗೆ ತೇಯುತ್ತದೆ. ಪ್ಲಾಸ್ಟರಿಲ್ಲ, ತಿರುಗಿಸುವುದಿಲ್ಲ, ಸಮಾನಾಂತರ ತಾನೇ ಬರುತ್ತದೆ. ಹೊಳಪು ಕೊಡುವುದು ಮಾತ್ರ ಆಮೇಲೆ, ಬೇರೆ. ಬಗ್ಗಿಸಿದರೆ ಮುರಿಯುವ, ಒತ್ತಿದರೆ ಸೀಳುವ ವಸ್ತುವನ್ನು ಟನ್‌ಗಟ್ಟಲೆ ಕಬ್ಬಿಣದ ನಡುವೆ ಹಗಲೂ ರಾತ್ರಿ ನಿಲ್ಲಿಸದೆ ಓಡಿಸೋದು ಅಂದರೆ ಏನು ಅಂತ ಯೋಚಿಸಿ. ಜಗತ್ತಿನ ದೊಡ್ಡ ಗಾಜಿನ ಕಂಪನಿಗಳು ಲೈಸೆನ್ಸ್ ದುಡ್ಡು ಕೊಟ್ಟು ಇದನ್ನು ತೆಗೆದುಕೊಂಡವು. ಯಾಂತ್ರಿಕ ಎಂಜಿನಿಯರಿಂಗಿನ ಲೆಕ್ಕದಲ್ಲಿ ನನಗೆ ಇದು ಫ್ಲೋಟ್ ಗಾಜಿಗಿಂತಲೂ ದೊಡ್ಡ ಸಾಹಸ. ಆದರೂ ಬಂದ ಗಾಜಿನಲ್ಲಿ ಐದನೇ ಒಂದು ಭಾಗ ಕೆಸರಾಗಿ ಹೋಗುತ್ತಲೇ ಇತ್ತು.

ಇಂಥ ಯಂತ್ರವನ್ನು ಮುಗಿಸಿದ್ದು ಇನ್ನೂ ಚೆನ್ನಾಗಿ ಉಜ್ಜುವ ಯಂತ್ರವಲ್ಲ. 1952ರಲ್ಲಿ ಅದೇ ಕಂಪನಿಯ ಎಂಜಿನಿಯರ್ ಅಲಸ್ಟೇರ್ ಪಿಲ್ಕಿಂಗ್ಟನ್‌ಗೆ (ಮಾಲೀಕರ ಮನೆತನಕ್ಕೂ ಇವನಿಗೂ ನೆಂಟಸ್ತಿಕೆ ಇಲ್ಲ, ಹೆಸರು ಮಾತ್ರ ಒಂದೇ) ಹೊಳೆದದ್ದು: ಗಾಜನ್ನು ಗಟ್ಟಿ ವಸ್ತುವಿಗೆ ತಾಕಿಸಿದರೆ ತಾನೇ ಒರಟು? ಕರಗಿದ ತವರದ ಮೇಲೆ ತೇಲಿಬಿಟ್ಟರೆ? ತವರ 232 ಡಿಗ್ರಿಗೆ ಕರಗುತ್ತದೆ, ಸಾವಿರ ಡಿಗ್ರಿಯಲ್ಲೂ ಕುದಿಯುವುದಿಲ್ಲ. ಗಾಜು ಅದರ ಮೇಲೆ ನೀರಿನ ಮೇಲಿನ ಎಣ್ಣೆಯಂತೆ ಹರಡುತ್ತದೆ. ಕೆಳಗೆ ತವರದ ಸಪಾಟು, ಮೇಲೆ ಬೆಂಕಿಯ ಹೊಳಪು. 600 ಡಿಗ್ರಿಯ ಹತ್ತಿರ ಗಾಜು ಎತ್ತುವಷ್ಟು ಗಟ್ಟಿಯಾಗುತ್ತದೆ, ತವರ ಇನ್ನೂ ದ್ರವವೇ. ಕೇಳೋಕೆ ಸುಲಭ. ಮಾಡೋಕೆ 7 ವರ್ಷ, 70 ಲಕ್ಷ ಪೌಂಡ್ ಬೇಕಾಯಿತು; ದೊಡ್ಡ ಪ್ಲಾಂಟು ಚಾಲೂ ಆದ ಮೇಲೂ 14 ತಿಂಗಳು ಮಾರಲು ಬರುವ ಒಂದು ಹಾಳೆಯೂ ಬರಲಿಲ್ಲ. ಅಷ್ಟು ತಿಂಗಳು ದುಡ್ಡು ಹಾಕುತ್ತಾ ಕೂತ ಆಡಳಿತ ಮಂಡಳಿಯ ತಾಳ್ಮೆಗೂ ಒಂದು ಪೇಟೆಂಟ್ ಕೊಡಬೇಕಿತ್ತು. ಅದೃಷ್ಟವೂ ಇತ್ತು: ತವರದ ಮೇಲೆ ಬಿಟ್ಟ ಗಾಜು ತಾನಾಗಿ ನಿಲ್ಲುವ ದಪ್ಪ ಆರೂವರೆ ಮಿಲಿಮೀಟರ್ ಆಸುಪಾಸು, ಮಾರುಕಟ್ಟೆಗೆ ಹೆಚ್ಚು ಬೇಕಾಗಿದ್ದದ್ದೂ ಅಷ್ಟೇ ದಪ್ಪದ್ದು. 1959ರ ಜನವರಿಯಲ್ಲಿ ಲೋಕಕ್ಕೆ ಪ್ರಕಟಿಸಿದರು.

ಟ್ವಿನ್ ಗ್ರೈಂಡರ್ ಬಂದು ಆಗಿನ್ನೂ 24 ವರ್ಷ. ಅದರಲ್ಲೇ ಕೆಲಸ ಶುರು ಮಾಡಿದ ಹುಡುಗ ಇನ್ನೂ ನಡುವಯಸ್ಸಿನವನು. ಮರಳನ್ನು ಕಣ್ಣಲ್ಲೇ ಅಳೆಯುವುದು, ಚಕ್ರದ ಸದ್ದಿನಿಂದಲೇ ಗಾಜು ಸೀಳುವುದನ್ನು ಮೊದಲೇ ಹೇಳುವುದು, ಇಂಥ ವಿದ್ಯೆಗಳಿಗೆ ಹೊಸ ಪ್ಲಾಂಟಿನಲ್ಲಿ ಜಾಗವಿರಲಿಲ್ಲ. ಒಂದು ದಶಕ ಕಳೆಯುವುದರಲ್ಲಿ ಉಜ್ಜುವ ಸಾಲುಗಳು ಒಂದೊಂದಾಗಿ ನಿಂತವು. ಸೇಂಟ್ ಹೆಲೆನ್ಸ್‌ನಲ್ಲಿ ಅವುಗಳ ಕುರುಹು ಇನ್ನೂ ಇದೆ: ಕಾರ್ಖಾನೆಯಿಂದ ಹೊರಬಿದ್ದ ಮರಳು, ಗಾಜಿನ ಪುಡಿ, ಕೆಂಪು ಆಕ್ಸೈಡಿನ ಕೆಸರು ರಾಶಿಬಿದ್ದು ದಿಬ್ಬಗಳಾಗಿವೆ. ಆ ಕೆಸರಿಗೆ ಅಲ್ಲಿಯ ಜನ ಇಟ್ಟ ಹೆಸರು ‘ಬರ್ಗಿ’. ಈಗ ಅದರ ಮೇಲೆ ಗಿಡಮರ ಬೆಳೆದಿವೆ.

ನಮ್ಮ ದೇಶಕ್ಕೆ ಫ್ಲೋಟ್ ಬಂದದ್ದು 1990ರ ದಶಕದಲ್ಲಿ. ಗುಜರಾತಿನ ಅಂಕಲೇಶ್ವರ, ಮಹಾರಾಷ್ಟ್ರದ ತಳೋಜದಲ್ಲಿ ಮೊದಲು. 2000ದಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿಗೆ ಸೇಂಟ್ ಗೋಬೇನ್ ಬಂತು. ಹೌದು, 14ನೇ ಲೂಯಿ ಕಾಲದ ಅದೇ ಕಂಪನಿ, ಬೆಂಗಳೂರು-ಚೆನ್ನೈ ಹೈವೇ ಬದಿಯಲ್ಲಿ. ಅಲ್ಲಿಂದಾಚೆಗೆ ಊರೂರಿಗೆ ಬಂದ ಒಳ್ಳೆ ಕನ್ನಡಿಗಳೆಲ್ಲ ಫ್ಲೋಟ್ ಗಾಜಿನವೇ, ಬಹುಪಾಲು ಇಲ್ಲೇ ಮಾಡಿದವೇ. ಮಾರುವವರು ಅದಕ್ಕೂ ಬೆಲ್ಜಿಯಂ ಅಂತಲೇ ಹೇಳಿದರು. ಗುಣ ಸಿಕ್ಕ ಮೇಲೆ ಹೆಸರು ತಪ್ಪಾದರೆ ಏನಂತೆ! ಐಟಿ ಕಟ್ಟಡಗಳ ಗಾಜೂ ಇದೇ ವಂಶ. ಅದಕ್ಕೆ ಒಂದು ಮಚ್ಚೆ ಕೂಡ ಇದೆ: ತೇಲಿದ ಬದಿಯಲ್ಲಿ ತವರದ ಸೂಕ್ಷ್ಮ ಅಂಶ ಉಳಿದಿರುತ್ತದೆ, ನೇರಳಾತೀತ ದೀಪ ಹಿಡಿದರೆ ಆ ಬದಿ ಮಬ್ಬಾಗಿ ಹೊಳೆಯುತ್ತದೆ. ಗಾಜಿನ ಮೇಲೆ ಪ್ರಿಂಟ್ ಮಾಡುವವರು, ಲೇಪನ ಮಾಡುವವರು ಈ ದೀಪ ಇಟ್ಟುಕೊಂಡಿರುತ್ತಾರೆ. ಬೆಳ್ಳಿ ಬರುವ ಮುಂಚೆ ಕನ್ನಡಿಯ ಬೆನ್ನಿಗೆ ಬಳಿಯುತ್ತಿದ್ದದ್ದೂ ತವರವನ್ನೇ, ಪಾದರಸದ ಜತೆ ಸೇರಿಸಿ.

ಹಾಗಾದರೆ ಗಾಜು ಉಜ್ಜುವುದು ನಿಂತೇಹೋಯಿತಾ? ಕಿಟಕಿಗೆ ನಿಂತಿತು. ಆದರೆ ಬೆಂಗಳೂರಿನಲ್ಲಿ ಆ ವಿದ್ಯೆ ಬೇರೆ ಕಾರಣಕ್ಕೆ ಉಳಿದುಕೊಂಡಿದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ, ವೇಣು ಬಾಪು ನಿರ್ದೇಶಕರಾಗಿದ್ದಾಗ, ಎ.ಪಿ. ಜಯರಾಜನ್ ಮತ್ತವರ ತಂಡ 2.34 ಮೀಟರ್ ಅಗಲದ ಗಾಜನ್ನು ತೇಯಲು ಕೂತರು. ಜರ್ಮನಿಯಿಂದ ತರಿಸಿದ ಜೆರೋಡೂರ್ ಅನ್ನುವ ಗಾಜು, ಬಿಸಿಗೂ ಚಳಿಗೂ ಹೆಚ್ಚುಕಡಿಮೆ ಹಿಗ್ಗದ ಕುಗ್ಗದ ಜಾತಿ. ಅದರ ನಡುವಿನ ಗುಳಿ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಆಳ. ಅದರ ಆಕಾರ ಮಾತ್ರ ಬೆಳಕಿನ ಅಲೆಯೊಂದರ ಚೂರಿಗಿಂತ ಹೆಚ್ಚು ತಪ್ಪುವ ಹಾಗಿಲ್ಲ. ಬಾಪು 1982ರಲ್ಲಿ ತೀರಿಕೊಂಡರು. ಕನ್ನಡಿ ತಮಿಳುನಾಡಿನ ಕಾವಲೂರಿನಲ್ಲಿ ದೂರದರ್ಶಕಕ್ಕೆ ಏರಿ, 1986ರ ಜನವರಿ 6ರಂದು ಅವರ ಹೆಸರಿನಲ್ಲೇ ಲೋಕಾರ್ಪಣೆಯಾಯಿತು.

ಅದೇ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಇನ್ನೊಂದು ಗಾಜು ಉಜ್ಜುವ ಘಟಕ ಶುರುವಾಯಿತು. 30 ಮೀಟರ್ ದೂರದರ್ಶಕ ಅನ್ನುವ ಅಂತಾರಾಷ್ಟ್ರೀಯ ಯೋಜನೆಯ ಕನ್ನಡಿಗೆ 492 ತುಂಡು ಬೇಕು. ಅದರಲ್ಲಿ ಒಂದು ಪಾಲನ್ನು ಇಲ್ಲಿ ನಯಗೊಳಿಸಲೆಂದು. ಒಂದೊಂದು ತುಂಡೂ 1.44 ಮೀಟರ್ ಅಗಲ, ನಡುವಿನ ಗುಳಿ ಬರೀ ನಾಲ್ಕು ಮಿಲಿಮೀಟರ್‌ನಷ್ಟು. ಬರಿಗಣ್ಣಿಗೆ ಚಪ್ಪಟೆ ಹಾಳೆಯೇ. ಕಷ್ಟ ಬೇರೆ ಕಡೆ ಇದೆ: 82 ಬೇರೆಬೇರೆ ಆಕಾರ, ಯಾವುದೂ ಶುದ್ಧ ಗೋಳದ ತುಂಡಲ್ಲ, ಸ್ವಲ್ಪ ಸೊಟ್ಟ. ಉಜ್ಜುವ ಯಂತ್ರಕ್ಕೋ ಗೋಳ ಮಾಡುವುದೇ ಹುಟ್ಟುಗುಣ. ಇಲ್ಲಿ ಅದರ ಜತೆ ಜಗಳಕ್ಕೆ ಹೋಗುವುದಿಲ್ಲ. ಗಾಜಿನ ಅಂಚಿಗೆ ಸುತ್ತಲೂ ಸನ್ನೆಗಳನ್ನು ಜೋಡಿಸಿ, ಲೆಕ್ಕ ಹಾಕಿದಷ್ಟು ಭಾರ ಕೊಟ್ಟು ಗಾಜನ್ನೇ ಒಂಚೂರು ಬಾಗಿಸುತ್ತಾರೆ. ಬಾಗಿದ ಗಾಜಿನ ಮೇಲೆ ಯಂತ್ರ ತನಗೆ ಬರುವ ಗೋಳವನ್ನೇ ಉಜ್ಜುತ್ತದೆ. ಆಮೇಲೆ ಭಾರ ತೆಗೆಯುತ್ತಾರೆ. ಗಾಜು ತನ್ನ ಮೊದಲಿನ ನಿಲುವಿಗೆ ಮರಳುವಾಗ ಗೋಳವನ್ನು ಬೇಕಾದಷ್ಟೇ ಸೊಟ್ಟ ಮಾಡಿಕೊಂಡು ನಿಲ್ಲುತ್ತದೆ.